ಕಫೀಲರ ಗೇಟಿನ ಮುಂದಿನ ಫೋಟೋ

ನಮ್ಮ ಬೀದಿಯ ಕೊನೆಮನೆಯ ದೀಪ್ತಿಗೆ ಮಸ್ಕತ್ತಿನ ಒಂದು ಇಂಡಿಯನ್ ಸ್ಕೂಲಿನಲ್ಲಿ ಕೌನ್ಸೆಲರ್ ಕೆಲಸ ಸಿಕ್ಕಿದೆ. ಹೋದ ವಾರ ಸ್ವೀಟಿನ ಡಬ್ಬಿ ಹಿಡಿದುಕೊಂಡು ಬಂದಿದ್ದಳು. "ಆಂಟಿ, ನೀವು ಅಲ್ಲೇ ಇಷ್ಟು ವರ್ಷ ಇದೇ ಕೆಲಸ ಮಾಡಿದೋರು. ನಿಜವಾಗ್ಲೂ ಹೇಗಿರತ್ತೆ ಹೇಳಿ" ಅಂದಳು. ನಾನು ಕಾಫಿ ಕೊಟ್ಟು, ಅಲ್ಲಿನ ಬಿಸಿಲು, ಮನೆ ಬಾಡಿಗೆ, ಯಾವ ಅಂಗಡಿಯಲ್ಲಿ ಕರಿಬೇವು ಬಾಡದೆ ಸಿಗುತ್ತದೆ ಅಂತೆಲ್ಲ ಹೇಳಿ ಕಳಿಸಿದೆ. ಅವಳು ಗೇಟು ದಾಟಿದ ಮೇಲೆ ನನಗೇ ನಾಚಿಕೆಯಾಯಿತು. ಅವಳು ಕೇಳಿದ್ದು ಕೆಲಸದ ಬಗ್ಗೆ, ನಾನು ಹೇಳಿದ್ದು ಕರಿಬೇವಿನ ಬಗ್ಗೆ. ಆವತ್ತು ಹೇಳದೆ ಉಳಿದದ್ದನ್ನು ಈಗ ಬರೆಯುತ್ತಿದ್ದೇನೆ.

ಯಾವ ವರ್ಷ ಸೀನಿಯರ್ ಆದೆ, ಯಾವ ವರ್ಷ ಶಾಲು ಹೊದಿಸಿದರು ಎಂಬುದೆಲ್ಲ ಬೇಡ. ಆ ಶಾಲುಗಳು ಬೀರುವಿನಲ್ಲಿ ನುಸಿ ಗುಳಿಗೆಯ ಜತೆ ಸುಖವಾಗಿವೆ. ಒಮಾನಿನಲ್ಲಿ ನಾನು ಮೊದಲು ಕೆಲಸಕ್ಕೆ ಸೇರಿದ್ದು ಹೇಗೆ ಅನ್ನುವುದನ್ನು ಮಾತ್ರ ಇಲ್ಲೇ ಹೇಳಬೇಕಿತ್ತು. ಆದರೆ ಅದನ್ನು ಸ್ವಲ್ಪ ಮುಂದಕ್ಕೆ ಹಾಕುತ್ತೇನೆ. ಇಪ್ಪತ್ತು ವರ್ಷ ಮುಂದಕ್ಕೆ ಹಾಕಿಕೊಂಡೇ ಬಂದವಳು, ಇನ್ನೆರಡು ಪುಟ ಹಾಕಿದರೆ ಯಾರ ಗಂಟೂ ಹೋಗುವುದಿಲ್ಲ.

ಶಾಲೆಯವರು ನನಗೆ ಒಂದು ಕೋಣೆ ಕೊಟ್ಟರು. ಬಾಗಿಲಿಗೆ 'ಕೌನ್ಸೆಲಿಂಗ್ ರೂಮ್' ಎಂಬ ದೊಡ್ಡ ಬೋರ್ಡು. ಎದುರಿಗೇ ಸ್ಟಾಫ್ ರೂಮು. ಒಳಗೆ ಬರುವ ಮಗುವಿನ ಕಷ್ಟ ಏನಿದ್ದೀತು ಎಂದು ಹನ್ನೆರಡು ಮೇಷ್ಟ್ರುಗಳು ಟೀ ಕುಡಿಯುತ್ತ ಊಹಿಸಲು ಅನುಕೂಲವಾದ ಜಾಗ. ಒಂದು ಟರ್ಮ್ ಇಡೀ ಯಾರೂ ಬರಲಿಲ್ಲ. ಆಮೇಲೆ ಏಳನೇ ಕ್ಲಾಸಿನ ಒಬ್ಬ ಹುಡುಗಿ ದಿನಾ ಊಟದ ಹೊತ್ತಿಗೆ ಬಂದು ಕೂರತೊಡಗಿದಳು. ಮಾತಿಲ್ಲ, ಕತೆಯಿಲ್ಲ. ಮೌನವನ್ನು ಗೌರವಿಸಬೇಕು ಅಂತ ಓದಿದ್ದೆನಲ್ಲ, ಗೌರವಿಸಿದೆ. ಅವಳ ಮೌನದ ಮೇಲೆ ಎರಡು ಪುಟ ಟಿಪ್ಪಣಿಯನ್ನೂ ಬರೆದೆ. ನಾಲ್ಕನೇ ದಿನ ಅವಳು ಬಾಯಿಬಿಟ್ಟಳು: "ಮ್ಯಾಮ್, ನಮ್ಮ ಕ್ಲಾಸಿಗಿಂತ ಇಲ್ಲಿ ಎ.ಸಿ. ಚೆನ್ನಾಗಿದೆ."

ಆಗಿನ ನಮ್ಮ ಪ್ರಿನ್ಸಿಪಾಲರು ಲಕ್ನೋ ಕಡೆಯವರು. ಕೆಟ್ಟವರಲ್ಲ, ಆದರೆ ಕಾಲಮ್ಮುಗಳಲ್ಲಿ ನಂಬಿಕೆಯಿಟ್ಟವರು. ತಿಂಗಳ ಕೊನೆಗೆ ಒಂದು ಹಾಳೆ ತುಂಬಿ ಕೊಡಬೇಕು. ಸಮಸ್ಯೆ ಏನು, ಪರಿಹಾರವಾಯಿತೇ, ಇಲ್ಲವೇ. ಎ.ಸಿ. ಹುಡುಗಿಯನ್ನು 'ಪರಿಹಾರವಾಯಿತು' ಕಾಲಮ್ಮಿನಲ್ಲಿ ಹಾಕಿದೆ. ಅವರು ಹಸಿರು ಇಂಕಿನಲ್ಲಿ 'ಗುಡ್' ಅಂತ ಬರೆದರು.

ಒಂದು ರಜೆಯಲ್ಲಿ ಬೆಂಗಳೂರಿನ ತರಬೇತಿಯೊಂದಕ್ಕೆ ಹೋಗಿದ್ದೆ. ಅಲ್ಲಿ ಕಲಿತದ್ದು ಈ ಗುಂಪಿನಲ್ಲಿ ಕೂತು ಕಥೆ ಹೇಳುವ ಪದ್ಧತಿ. ಏಳೆಂಟು ಜನ ದುಂಡಗೆ ಕೂರುವುದು, ಒಬ್ಬೊಬ್ಬರು ತಮ್ಮ ಬದುಕಿನದೇ ಒಂದು ಸಂಗತಿ ಹೇಳುವುದು, ಉಳಿದವರು ಕೇಳುವುದು. ಉಪದೇಶ ಮಾಡುವಂತಿಲ್ಲ, ತೀರ್ಪು ಕೊಡುವಂತಿಲ್ಲ. ಹೊರನಾಡಿನಲ್ಲಿ ಹುಟ್ಟಿ ಬೆಳೆದ ಮಕ್ಕಳು 'ನಾನು ಯಾರು, ಎಲ್ಲಿಯವನು' ಎಂಬ ಗಂಟನ್ನು ಇನ್ನೊಬ್ಬರ ಕಥೆ ಕೇಳುತ್ತ ಕೇಳುತ್ತ ತಾವೇ ಬಿಡಿಸಿಕೊಳ್ಳುತ್ತಾರೆ ಅನ್ನುವುದು ಅದರ ಹಿಂದಿನ ನಂಬಿಕೆ. ಮಸ್ಕತ್ತಿಗೆ ಮರಳಿ, ಲೈಬ್ರರಿಯ ಮೂಲೆಯಲ್ಲಿ ಎರಡು ಚಾಪೆ ಹಾಸಿದೆ. ಒಂದೇ ನಿಯಮ: ಚಾಪೆಯ ಮಾತು ಚಾಪೆಯಲ್ಲೇ ಇರಬೇಕು.

ಮೊದಲ ದಿನವೇ ಎಡವಿದೆ. ನಮ್ಮ ಕಡೆಯವರಿಗೆ ಹೊಸಬರು ಸಿಕ್ಕರೆ ಹೆಸರಿಗಿಂತ ಮೊದಲು ಬಾಯಿಗೆ ಬರುವುದು 'ಯಾವೂರು?' ನಾನೂ ಅದನ್ನೇ ಕೇಳಿದೆ, ನಿಮ್ಮ ನಿಮ್ಮ ಊರಿನ ಬಗ್ಗೆ ಹೇಳಿ ಅಂತ. ಮಕ್ಕಳು ಪರೀಕ್ಷೆಯ ಪ್ರಬಂಧ ಒಪ್ಪಿಸಿದ ಹಾಗೆ ನದಿ, ಬೆಳೆ, ಪ್ರಸಿದ್ಧ ತಿಂಡಿ ಅಂತ ಶುರುಮಾಡಿದರು. ಢಾಕಾ ಮೂಲದ ಒಬ್ಬ ಮಾತ್ರ ಕೈಯೆತ್ತಿದ. "ಮ್ಯಾಮ್, ಪಾಸ್‌ಪೋರ್ಟಲ್ಲಿರೋ ಊರೋ, ನನ್ನ ಬೆಡ್ ಇರೋ ಊರೋ?" ಅವರೆಲ್ಲ ಮಾತಾಡುತ್ತಿದ್ದುದು ಇಂಗ್ಲಿಷಿನಲ್ಲೇ, ಇಲ್ಲಿ ಕನ್ನಡಕ್ಕೆ ತಂದಿದ್ದೇನೆ. ಆವತ್ತು ಅರ್ಧ ಗಂಟೆ ಮುಂಚೆಯೇ ಚಾಪೆ ಸುತ್ತಿಟ್ಟೆ.

ಸರಿಯಾದ ಪ್ರಶ್ನೆ ಸಿಕ್ಕಿದ್ದು ಜೂನಿನಲ್ಲಿ. ಬೇಸಿಗೆ ರಜೆಗೆ ಹೊರಡುವ ಮುಂಚೆ ಅಲ್ಲಿ ಮನೆಮನೆಯಲ್ಲೂ ಒಂದು ಯಜ್ಞ ನಡೆಯುತ್ತದೆ, ರಟ್ಟಿನ ಪೆಟ್ಟಿಗೆ ಕಟ್ಟುವುದು. ತೂಕ ನೋಡುವುದು, ತೆಗೆಯುವುದು, ಮತ್ತೆ ತುಂಬುವುದು, ಹಗ್ಗ ಬಿಗಿಯುವುದು, ನಾಲ್ಕೂ ಕಡೆ ದಪ್ಪ ಅಕ್ಷರದಲ್ಲಿ ಅಪ್ಪನ ಹೆಸರು ಬರೆಯುವುದು. ಮಕ್ಕಳು ಅದರ ಬಗ್ಗೆಯೇ ಗುಸುಗುಸು ಅನ್ನುತ್ತಿದ್ದರು. "ಹೋಗುವಾಗ ಪೆಟ್ಟಿಗೆಯಲ್ಲಿ ಏನಿರುತ್ತೆ? ಬರುವಾಗ ಏನಿರುತ್ತೆ?" ಎಂದು ಕೇಳಿದೆ. ಕಟ್ಟೆ ಒಡೆದ ಹಾಗಾಯಿತು. ಸಾಬೂನು, ಸೆಂಟು, ಹಾಲಿನ ಪುಡಿ, ಯಾರಿಗೆ ಕೊಟ್ಟರು, ಯಾರಿಗೆ ಬಿಟ್ಟರು, ಯಾವ ಚಿಕ್ಕಮ್ಮ ಮುಖ ತಿರುಗಿಸಿದರು, ಎಲ್ಲ ಹೊರಗೆ ಬಂತು. ಕೇರಳದ ಒಬ್ಬ ಹುಡುಗಿ ಹೇಳಿದಳು, "ಬರುವಾಗ ನಮ್ಮ ಪೆಟ್ಟಿಗೆಯಲ್ಲಿ ಹಲಸಿನ ಚಿಪ್ಸು, ಅಮ್ಮನ ಅಳು." ಅಂದಿನಿಂದ ನಮ್ಮ ಗುಂಪಿಗೆ ಮಕ್ಕಳೇ ಇಟ್ಟ ಹೆಸರು 'ಕಾರ್ಟನ್ ಕ್ಲಬ್'.

ಕೊರೋನಾ ಬಂದಾಗ ಚಾಪೆ ಪರದೆಯ ಮೇಲೆ ಹೋಯಿತು. ಕ್ಯಾಮರಾ ಹಾಕಿ ಅಂದರೆ ಯಾರೂ ಹಾಕುವುದಿಲ್ಲ. ಇವು ಸೋಮಾರಿಗಳು ಅಂತ ಬೈದೆ. ಆಮೇಲೆ ಗೊತ್ತಾಯಿತು, ಒಬ್ಬಳು ಬಚ್ಚಲಲ್ಲಿ ಬಕೆಟ್ಟು ಬೋರಲು ಹಾಕಿ ಕೂತಿದ್ದಳು, ಇನ್ನೊಬ್ಬ ಬಿಲ್ಡಿಂಗಿನ ಮೆಟ್ಟಿಲ ಮೇಲಿದ್ದ. ಮನೆಯಲ್ಲಿ ಗುಟ್ಟಾಗಿ ಮಾತಾಡಲು ಬೇರೆ ಜಾಗವೇ ಇಲ್ಲ. ಒಂದೇ ಫ್ಲ್ಯಾಟಿನಲ್ಲಿ ಎರಡೆರಡು ಸಂಸಾರ ಇರುವುದನ್ನು ನಾನು ಅಷ್ಟು ವರ್ಷ ಅಲ್ಲಿದ್ದೂ ಗಮನಿಸಿರಲಿಲ್ಲ. ಮಸ್ಕತ್ ಅಂದರೆ ನನಗೆ ನನ್ನ ಯಜಮಾನರ ಆಫೀಸಿನವರ ಮನೆಗಳು, ಶುಕ್ರವಾರದ ಭಜನೆ, ಅಷ್ಟೇ ಆಗಿತ್ತು. ದೀಪ್ತಿ, ಮಕ್ಕಳನ್ನು ಬೈಯುವ ಮುಂಚೆ ಅವರು ಎಲ್ಲಿ ಕೂತಿದ್ದಾರೆ ಅಂತ ಒಂದು ಸಲ ಕೇಳು.

ಶಾಲೆ ಮತ್ತೆ ತೆರೆದ ಮೇಲೆ ಬಂದ ಗುಂಪಿನಲ್ಲಿ ಸಫಿಯಾ ಇದ್ದಳು. ಹನ್ನೆರಡನೇ ಕ್ಲಾಸು. ತಂದೆ ಹಸನಬ್ಬ, ಉಳ್ಳಾಲದ ಕಡೆಯ ಬ್ಯಾರಿಗಳು. ವಾದಿ ಅದಾಯಿಯ ವರ್ಕ್‌ಶಾಪುಗಳ ಸಾಲಿನಲ್ಲಿ ಕಾರಿನ ಸೀಟ್ ಕವರ್ ಹೊಲಿಯುವ ಅಂಗಡಿ ಅವರದು. ಅದೇ ಗುಂಪಿನಲ್ಲಿ ನಿರೋಷಿನಿ ಅಂತ ಶ್ರೀಲಂಕಾದ ಹುಡುಗಿ, ಮಾತು ಕಡಿಮೆ, ಆಡಿದರೆ ಗುರಿ ತಪ್ಪದು. ಇವರಿಬ್ಬರೂ ಗೆಳತಿಯರು.

ಒಂದು ದಿನ ಸಫಿಯಾ ಹೇಳಿದ ಕಥೆ ಇದು. ಪ್ರತಿ ಈದಿಗೆ ಹೊಸ ಬಟ್ಟೆ ಹಾಕಿಕೊಂಡು ಅವರ ಮನೆಯವರೆಲ್ಲ ಕಫೀಲರನ್ನು, ಅಂದರೆ ಅವರ ವೀಸಾಕ್ಕೆ ಹೊಣೆಯಾದ ಒಮಾನಿ ಯಜಮಾನರನ್ನು, ಕಂಡು ಬರಲು ಹೋಗುತ್ತಾರೆ. ದೊಡ್ಡ ಬಿಳಿ ವಿಲ್ಲಾ. ಗೇಟಿನ ಎರಡು ಕಂಬಗಳ ಮೇಲೆ ಸಿಮೆಂಟಿನ ಎರಡು ಕಾಫಿ ಕೂಜೆ, ಒಂದೊಂದೂ ಆಳೆತ್ತರ. ಒಳಗೆ ಹೋಗುವ ಮುಂಚೆ ಗೇಟಿನ ಮುಂದೆ ನಿಂತು ಫೋಟೋ. ಎರಡೂ ಕೂಜೆ ಬರಬೇಕಾದರೆ ಫೋಟೋ ತೆಗೆಯುವವರು ರಸ್ತೆಯ ಆಚೆ ಬದಿಗೆ ಹೋಗಬೇಕು. ಆ ಫೋಟೋ ಊರಿಗೆ ಹೋಗುತ್ತದೆ. ಊರಿನಲ್ಲಿ ಅಜ್ಜಿ ಅದಕ್ಕೆ ಕಟ್ಟು ಹಾಕಿಸಿ ಚಾವಡಿಯಲ್ಲಿ ತೂಗುಹಾಕಿದ್ದಾರೆ. ಎಲ್ಲರೂ ಅದು ಹಸನಬ್ಬನ ಮನೆ ಅಂದುಕೊಂಡಿದ್ದಾರೆ. ಅಲ್ಲ ಅಂತ ಯಾರೂ ಹೇಳಿಲ್ಲ. ರಜೆಗೆ ಹೋದಾಗ ಓರಗೆಯವರು 'ನಿಮ್ಮ ಮನೆಗೆ ಎಷ್ಟು ಕಿಟಕಿ' ಅಂತ ಕೇಳಿದರೆ ಸಫಿಯಾ ಕಣ್ಣುಮುಚ್ಚಿ ಕಫೀಲರ ಮನೆಯ ಕಿಟಕಿ ಎಣಿಸಿ ಹೇಳುತ್ತಾಳೆ, ಹನ್ನೊಂದು. ನಿಜವಾಗಿ ಅವರಿರುವುದು ಅಂಗಡಿಯ ಮೇಲಿನ ಎರಡು ಕೋಣೆಗಳಲ್ಲಿ.

ಚಾಪೆಯ ಮೇಲೆ ಎಲ್ಲರೂ ನಕ್ಕರು, ಸಫಿಯಾಳೂ ನಕ್ಕಳು. ಆಮೇಲೆ ಇನ್ನೊಂದು ಮಾತು ಹೇಳಿದಳು. "ನನಗೆ ಆ ಎರಡು ರೂಮೇ ಇಷ್ಟ ಮ್ಯಾಮ್. ಕೆಳಗೆ ಬಾಪನ ಮಷಿನ್ ಸದ್ದು ಕೇಳಿಸ್ಕೊಂಡೇ ನಾನು ಓದೋದು. ಅದು ನಿಂತ್ರೆ ನನಗೆ ಓದಕ್ಕಾಗಲ್ಲ. ಬಾಪ ಯಾಕೆ ಅದನ್ನ ಯಾರಿಗೂ ತೋರಿಸಲ್ಲ?" ಆಗ ಯಾರೂ ನಗಲಿಲ್ಲ.

ಆ ನವೆಂಬರಿನಲ್ಲಿ ಕನ್ನಡ ಸಂಘದ ರಾಜ್ಯೋತ್ಸವದಲ್ಲಿ ನನ್ನ ಭಾಷಣ ಇತ್ತು, ಹೊರನಾಡ ಮಕ್ಕಳ ಮನಸ್ಸಿನ ಬಗ್ಗೆ. ಹತ್ತು ನಿಮಿಷ ಆಗುವಷ್ಟರಲ್ಲಿ ಸಭೆ ಆಕಳಿಸತೊಡಗಿತು. ಮುಂದಿನ ಸಾಲಿನಲ್ಲಿ ಒಬ್ಬರು ಊಟದ ಕಡೆ ತಿರುಗಿ ನೋಡಿದರು. ನನಗೆ ದಿಗಿಲಾಯಿತು. ಸಫಿಯಾಳ ಕಥೆ ತೆಗೆದೆ. ಹೆಸರು ಹೇಳಲಿಲ್ಲ. ಸೀಟ್ ಕವರನ್ನು ಕಿರಾಣಿ ಮಾಡಿದೆ, ವಾದಿ ಅದಾಯಿಯನ್ನು ಸೊಹಾರ್ ಮಾಡಿದೆ, ಮಗಳನ್ನು ಮಗ ಮಾಡಿದೆ. ಆದರೆ ಆ ಕಾಫಿ ಕೂಜೆಗಳನ್ನು ಬಿಡಲಾಗಲಿಲ್ಲ. ಬಿಟ್ಟರೆ ನಗು ಬರುವುದಿಲ್ಲವಲ್ಲ! ರಸ್ತೆಯಾಚೆಗೆ ಓಡಿಹೋಗಿ ಫೋಟೋ ತೆಗೆಯುವುದನ್ನು ಅಭಿನಯಿಸಿಯೂ ತೋರಿಸಿದೆ. ಸಭೆ ಹೊಟ್ಟೆ ಹಿಡಿದುಕೊಂಡು ನಕ್ಕಿತು. ನಗು ಬಂದ ಮೇಲೆ ಮಷಿನ್ ಸದ್ದಿನ ಮಾತು ಯಾರಿಗೆ ಬೇಕು? ಅಲ್ಲಿಗೇ ನಿಲ್ಲಿಸಿ ಚಪ್ಪಾಳೆ ತೆಗೆದುಕೊಂಡೆ. ಆವತ್ತು ನನಗೆ ಹೊದಿಸಿದ ಶಾಲು ಬಹಳ ಚೆನ್ನಾಗಿದೆ, ನಾನು ಅದನ್ನು ಒಂದು ದಿನವೂ ಹೊದ್ದಿಲ್ಲ.

ಆ ಸಭೆಯಲ್ಲಿ ಉಳ್ಳಾಲದವರೂ ಇದ್ದರು. ಊರಿನ ಆ ಚಾವಡಿಯಲ್ಲಿ ಕೂತು ಚಹಾ ಕುಡಿದವರು, ಆ ಫೋಟೋ ನೋಡಿ 'ಅಬ್ಬಾ' ಅಂದವರು. ಕಿರಾಣಿ ಅಂಗಡಿ, ಸೊಹಾರ್ ಅಂತ ನಾನು ಎಷ್ಟು ಬಣ್ಣ ಬಳಿದರೇನು, ಎರಡು ಕಾಫಿ ಕೂಜೆ ಅಂದ ತಕ್ಷಣ ಅವರಿಗೆ ತಿಳಿದುಹೋಯಿತು. ಯಾರೋ ವೀಡಿಯೋ ಮಾಡಿದ್ದರು. ಮರುದಿನ ಬೆಳಗಿನ ತಿಂಡಿಯ ಹೊತ್ತಿಗೆ ಅದು ಉಳ್ಳಾಲ ಮುಟ್ಟಿತ್ತು. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು.

ಭಾನುವಾರ, ಅಂದರೆ ಅಲ್ಲಿನ ವಾರದ ಮೊದಲ ಕೆಲಸದ ದಿನ, ಹಸನಬ್ಬ ಶಾಲೆಗೆ ಬಂದರು. ಅಂಗಡಿಯ ಬಟ್ಟೆಯಲ್ಲೇ ಬಂದಿದ್ದರು, ತೋಳಿನ ಮೇಲೆ ದಾರದ ತುಂಡುಗಳು. ಕೂರಿ ಅಂದರೂ ಕೂರಲಿಲ್ಲ.

"ಟೀಚರೇ, ನಾನು ಗಲಾಟೆಗೆ ಬಂದದ್ದಲ್ಲ. ನೀವು ಹೇಳಿದ ಕಥೆ ಊರಿಗೆ ಮುಟ್ಟಿ ಆಯ್ತು. ಸಂಬಂಧಿಕರ ಮಕ್ಕಳು ಫೋನ್ ಮಾಡಿ ಕೇಳ್ತಾರೆ, ಬಂಗಲೆ ಹೇಗುಂಟು ಅಂತ. ಅದು ಹೋಗ್ಲಿ. ಊರಲ್ಲಿ ನಮ್ಮ ಉಮ್ಮ, ಸಫಿಯಾನ ಅಜ್ಜಿ, ಒಂದೇ ಮಾತು ಕೇಳಿದ್ರು, 'ಹಾಗಾದ್ರೆ ನೀವು ಇಷ್ಟು ವರ್ಷ ಎಲ್ಲಿ ಇದ್ದದ್ದು?' ಅಂತ."

"ತಪ್ಪೆಲ್ಲ ನನ್ನದು. ಮಗಳನ್ನ ಮಾತ್ರ ಏನೂ ಅನ್ನಬೇಡಿ" ಎಂದೆ.

"ನಾನು ಏನೂ ಹೇಳ್ಲಿಲ್ಲ. ಅಪ್ಪನ ಮನೆ ಅವಳಿಗೆ ನಾಚಿಕೆ ಆಗಿದೆ. ಇನ್ನು ಅವಳ ಹತ್ರ ಮಾತಾಡ್ಲಿಕ್ಕೆ ಎಂತ ಉಂಟು?"

ಅಷ್ಟು ಹೇಳಿ ಹೊರಟೇಬಿಟ್ಟರು. ಬೈದಿದ್ದರೆ ನನಗೆ ಹಗುರಾಗುತ್ತಿತ್ತು. ಪ್ರಿನ್ಸಿಪಾಲರ ಹತ್ತಿರ ಓಡಿದೆ. "ನಾಮ್ ತೋ ನಹೀ ಲಿಯಾ ನಾ?" ಅಂದರು. ಹೆಸರು ಹೇಳಿಲ್ಲ ತಾನೇ, ಹಾಗಾದರೆ ತಪ್ಪೂ ಇಲ್ಲ, ಬರವಣಿಗೆಯಲ್ಲಿ ಏನೂ ಕೊಡಬೇಡಿ. ನಿಜ ಹೇಳುತ್ತೇನೆ, ಒಂದು ವಾರ ಆ ಮಾತಿನ ಹಿಂದೆ ಬಚ್ಚಿಟ್ಟುಕೊಂಡು ನಿದ್ದೆ ಮಾಡಿದೆ.

ಆದರೆ ಸಫಿಯಾ ದಿನಾ ಎದುರಿಗೆ ಸಿಗುತ್ತಿದ್ದಳು. ಕ್ಷಮೆ ಕೇಳಿದೆ. "ಇಟ್ಸ್ ಓಕೆ ಮ್ಯಾಮ್" ಅಂದಳು. ಮಕ್ಕಳು ಇಟ್ಸ್ ಓಕೆ ಅಂದರೆ ಬಾಗಿಲು ಹಾಕಿಕೊಂಡರು ಅಂತ ಅರ್ಥ. ನಿರೋಷಿನಿಯಿಂದ ಗೊತ್ತಾಯಿತು, ಮನೆಯಲ್ಲಿ ತಂದೆ ಅವಳ ಜತೆ ಮಾತೇ ಆಡುವುದಿಲ್ಲ. ಊಟ ಬೇಕಾ ಅಂತ ಕೇಳುವುದೂ ತಾಯಿಯ ಮೂಲಕ. ಸಫಿಯಾ ಓದಲು ಕೂತರೆ ಕೆಳಗೆ ಮಷಿನ್ ನಿಲ್ಲಿಸಿಬಿಡುತ್ತಾರೆ, ಮಗಳಿಗೆ ಆ ಸದ್ದೂ ನಾಚಿಕೆಯೇ ಇರಬೇಕು ಅಂದುಕೊಂಡು. ಆ ಹುಡುಗಿಗೆ ಬೋರ್ಡ್ ಪರೀಕ್ಷೆ ಹತ್ತಿರ ಬರುತ್ತಿತ್ತು. ಒಂದು ಮನೆಯ ಅಪ್ಪ ಮಗಳ ನಡುವೆ ನಾನು ಗೋಡೆ ಕಟ್ಟಿದ್ದೆ, ಅದೂ ಐದು ನಿಮಿಷದ ಚಪ್ಪಾಳೆಗೆ.

ಮುಂದಿನ ಸಲ ಚಾಪೆ ಹಾಸಿದಾಗ ಎಲ್ಲರೂ ಬಂದು ಕೂತರು, ಯಾರೂ ಬಾಯಿಬಿಡಲಿಲ್ಲ. ಹತ್ತು ನಿಮಿಷದ ಮೇಲೆ ನಿರೋಷಿನಿ ನನ್ನನ್ನೇ ನೋಡುತ್ತ ಹೇಳಿದಳು, "ಮ್ಯಾಮ್, ನಮ್ಮೆಲ್ಲರ ಕಾರ್ಟನ್ ನೀವು ಬಿಚ್ಚಿಸಿ ನೋಡಿದ್ರಿ. ನಿಮ್ಮದನ್ನ ಒಂದು ಸಲವೂ ಬಿಚ್ಚಿಲ್ಲ."

ನಾನು ಮುಂದಕ್ಕೆ ಹಾಕಿಕೊಂಡು ಬಂದದ್ದು ಇದನ್ನೇ. ಮದುವೆಯಾಗಿ ಮಸ್ಕತ್ತಿಗೆ ಹೋದಾಗ ನನ್ನ ಹತ್ತಿರ ಮನಃಶಾಸ್ತ್ರದ ಎಂ.ಎ. ಇತ್ತು, ಕೆಲಸ ಇರಲಿಲ್ಲ. ಎಲ್ಲ ಕಡೆ ಅರ್ಜಿ ಹಾಕಿ ಸೋತ ಮೇಲೆ ಒಂದು ಶಿಶುವಿಹಾರದಲ್ಲಿ ಸಿಕ್ಕಿದ್ದು ಸ್ಕೂಲ್ ಬಸ್ಸಿನ ಆಯಾ ಕೆಲಸ. ಮಕ್ಕಳನ್ನು ಹತ್ತಿಸುವುದು, ಇಳಿಸುವುದು, ವಾಂತಿ ಒರೆಸುವುದು. ಮೂರು ವರ್ಷ ಮಾಡಿದೆ, ಕೌನ್ಸೆಲರ್ ಕೆಲಸ ಸಿಕ್ಕಿದ್ದು ಆಮೇಲೆ. ಮೈಸೂರಿನಲ್ಲಿ ಅಪ್ಪ ನನ್ನ ಎಂ.ಎ. ಬಗ್ಗೆ ಬೀದಿಗೆಲ್ಲ ಹೇಳಿಕೊಂಡಿದ್ದವರು. ಅವರಿಗೆ 'ಸ್ಕೂಲಿನಲ್ಲಿ ಮಕ್ಕಳ ಯೋಗಕ್ಷೇಮ ನೋಡಿಕೊಳ್ಳುವ ಹುದ್ದೆ' ಅಂತ ಬರೆದೆ. ಒಂದು ರಜಾದಿನ ಕಾವಲುಗಾರನನ್ನು ಕೇಳಿಕೊಂಡು ಹೆಡ್‌ಮಿಸ್ಟ್ರೆಸ್ಸರ ಕೋಣೆ ತೆಗೆಸಿ, ಅವರ ಕುರ್ಚಿಯಲ್ಲಿ ಕೂತು, ಕೈಯಲ್ಲಿ ಪೆನ್ನು ಹಿಡಿದು ಫೋಟೋ ತೆಗೆಸಿಕೊಂಡೆ. ತೆಗೆದವರು ನನ್ನ ಯಜಮಾನರೇ. ಅಪ್ಪ ಅದಕ್ಕೆ ಕಟ್ಟು ಹಾಕಿಸಿದರು. ಅದನ್ನು ನಂಬಿಕೊಂಡೇ ಹೋದರು. ತನ್ನ ಎಲೆಯಲ್ಲಿ ಹೆಗ್ಗಣ ಸತ್ತು ಬಿದ್ದಿದ್ದರೂ ಪಕ್ಕದ ಎಲೆಯ ನೊಣ ತೋರಿಸಿದ ಹಾಗೆ, ನಾನು ಸಭೆಯ ಮುಂದೆ ಹಸನಬ್ಬನವರ ಫೋಟೋ ತೋರಿಸಿ ನಗಿಸಿದ್ದೆ.

ಇದನ್ನೆಲ್ಲ ಚಾಪೆಯ ಮೇಲೆ ಹೇಳಿದೆ. ಹೇಳಿ ಮುಗಿಸಿದ ಮೇಲೆ ಸಫಿಯಾ ಕೇಳಿದಳು, "ಆ ಫೋಟೋ ಇದೆಯಾ ಮ್ಯಾಮ್?" ಫೋನಿನಲ್ಲಿತ್ತು, ತೋರಿಸಿದೆ. ಬಹಳ ಹೊತ್ತು ನೋಡಿದಳು. "ಇದನ್ನ ಬಾಪನಿಗೆ ತೋರಿಸಿ" ಅಂದಳು.

ವಾದಿ ಅದಾಯಿಗೆ ಒಬ್ಬಳೇ ಹೋದೆ. ಅಂಗಡಿಯ ತುಂಬ ರೆಕ್ಸಿನ್ನಿನ ವಾಸನೆ. ಹಸನಬ್ಬ ಮಷಿನ್ನಿನ ಮುಂದಿದ್ದರು. ಮುಖ ಬಿಗಿಯಿತು, ಆದರೂ ಸ್ಟೂಲು ಎಳೆದು ಕೊಟ್ಟರು, ಪಕ್ಕದ ಕೆಫೆಟೇರಿಯಾದಿಂದ ಚಾ ತರಿಸಿದರು. ನಾನು ಎಲ್ಲ ಹೇಳಿ ಫೋನು ಮುಂದೆ ಹಿಡಿದೆ. ಕನ್ನಡಕ ಹಾಕಿಕೊಂಡು ಫೋಟೋವನ್ನು ದೊಡ್ಡದು ಮಾಡಿ ಮಾಡಿ ನೋಡಿದರು.

"ಈ ಕುರ್ಚಿಯ ಹೊಲಿಗೆ ಸರಿ ಇಲ್ಲ ಟೀಚರೇ" ಅಂದರು. "ಮೂಲೆಯಲ್ಲಿ ಬಿಟ್ಟಿದೆ ನೋಡಿ. ಇಂಥದ್ದರಲ್ಲಿ ಕೂತು ಫೋಟೋ ತೆಗೆಸಿದ್ರಾ?"

ನಗಬೇಕೋ ಅಳಬೇಕೋ ತಿಳಿಯಲಿಲ್ಲ. ಎರಡೂ ಸ್ವಲ್ಪ ಸ್ವಲ್ಪ ಬಂತು. ಅವರೂ ಕನ್ನಡಕ ತೆಗೆದು ಒರೆಸಿದರು.

"ನಿಮ್ಮ ಮಗಳು ಹೇಳಿದ್ದರಲ್ಲಿ ಅರ್ಧವನ್ನು ಮಾತ್ರ ನಾನು ಆವತ್ತು ಹೇಳಿದ್ದು" ಎಂದೆ. "ಉಳಿದರ್ಧ ಕೇಳಿದ್ದರೆ ನಿಮಗೆ ಇಷ್ಟು ನೋವಾಗುತ್ತಿರಲಿಲ್ಲ."

"ಹಾಗಾದ್ರೆ ಹೇಳಿ."

ನಾಲಿಗೆಯ ತುದಿಗೆ ಬಂದಿತ್ತು. ಹೇಳಿಬಿಟ್ಟಿದ್ದರೆ ಅಲ್ಲೇ ಎಲ್ಲ ಖಲಾಸ್ ಆಗುತ್ತಿತ್ತು, ಅಪ್ಪ ಮಗಳು ಆ ಕ್ಷಣವೇ ಒಂದಾಗುತ್ತಿದ್ದರು. ಆದರೆ ಅವಳ ಮಾತನ್ನು ಅವಳನ್ನು ಕೇಳದೆ ಹೇಳಿದ್ದೇ ಅಲ್ಲವೇ ಇಷ್ಟಕ್ಕೆಲ್ಲ ಕಾರಣ? ಇಡೀ ವೃತ್ತಿಯಲ್ಲಿ ನಾನು ಬಾಯಿ ಮುಚ್ಚಿಕೊಂಡದ್ದರಲ್ಲಿ ಅದೇ ಅತಿ ಕಷ್ಟದ್ದು. "ಅದನ್ನು ಹೇಳುವ ಹಕ್ಕು ನನಗಿಲ್ಲ. ನೀವು ಅವಳನ್ನೇ ಕೇಳಬೇಕು" ಎಂದೆ.

ಅವರು ಮಷಿನ್ನಿನ ಚಕ್ರವನ್ನು ಕೈಯಿಂದ ಒಂದು ಸುತ್ತು ತಿರುಗಿಸಿದರು. ಏಳುವಾಗ ಕೇಳಿದೆ, ಅದೇ ಸಭೆಯ ಮುಂದೆ ನಾನು ತಪ್ಪು ಒಪ್ಪಿಕೊಳ್ಳಬಹುದೇ ಅಂತ. "ನಮ್ಮದು ಹೇಳ್ಬೇಡಿ ಟೀಚರೇ" ಅಂದರು, "ನಿಮ್ದು ಹೇಳಿ."

ಜನವರಿಯಲ್ಲಿ ಸಂಘದ ಸಂಕ್ರಾಂತಿ ಸಂಜೆ. ಐದು ನಿಮಿಷ ಕೇಳಿ ತೆಗೆದುಕೊಂಡೆ. ಆ ಕುರ್ಚಿಯ ಫೋಟೋವನ್ನು ಪರದೆಯ ಮೇಲೆ ಹಾಕಿಸಿದೆ. ಬಸ್ಸಿನ ಆಯಾ, ವಾಂತಿ, ಕಾವಲುಗಾರ, ಪೆನ್ನು, ಎಲ್ಲ ಹೇಳಿದೆ. ಸಭೆ ನಕ್ಕಿತು. ನಮ್ಮ ಮೇಲೆ ಬರುವ ನಗು ಎಷ್ಟು ಜೋರಾಗಿ ಕೇಳುತ್ತದೆ ಅನ್ನುವುದು ಆವತ್ತು ಗೊತ್ತಾಯಿತು. ಅಪ್ಪನ ವಿಷಯ ಬಂದಾಗ ನಗು ತಾನಾಗಿ ನಿಂತಿತು. "ಇನ್ನೊಬ್ಬರ ಕಥೆಯನ್ನು ಅರ್ಧ ಕತ್ತರಿಸಿ ಹೇಳಿ ಈ ವೇದಿಕೆಯಲ್ಲೇ ನಗಿಸಿದ್ದೆ, ಅದು ತಪ್ಪು" ಎಂದು ಹೇಳಿ ಇಳಿದೆ. ಕೊನೆಯ ಸಾಲಿನಲ್ಲಿ ಹಸನಬ್ಬ, ಅವರ ಹೆಂಡತಿ, ಆಮೇಲೆ ಒಂದು ಖಾಲಿ ಕುರ್ಚಿ, ಅದರಾಚೆ ಸಫಿಯಾ ಕೂತಿದ್ದರು.

ಊಟದ ಸಾಲಿನಲ್ಲಿ ಒಂದು ವಿಚಿತ್ರ ನಡೆಯಿತು. ಬಿಸಿಬೇಳೆಬಾತಿನ ತಟ್ಟೆ ಹಿಡಿದುಕೊಂಡು ಜನ ನನ್ನ ಹತ್ತಿರ ಬಂದು ತಂತಮ್ಮ ಫೋಟೋ ಒಪ್ಪಿಸತೊಡಗಿದರು. ಒಬ್ಬರ ಫೋಟೋದಲ್ಲಿದ್ದದ್ದು ಬಾಸಿನ ಕಾರು. ನಿಜ್ವಾದಿಂದ ಬಂದಿದ್ದ ಒಬ್ಬ ನರ್ಸಮ್ಮ ಗೆಳತಿಯ ಬಳೆ ಹಾಕಿಕೊಂಡು ತೆಗೆಸಿ ಕಳಿಸಿದ್ದರಂತೆ. ಮುಂದಿನ ಸಾಲಿನಲ್ಲಿ ಊಟದ ಕಡೆ ನೋಡುತ್ತಿದ್ದ ಆ ಮಹನೀಯರು ಪಿಸುಗುಟ್ಟಿದರು, "ನಮ್ಮ ಸೋಫಾ ಕೂಡ ಪಕ್ಕದ ಮನೆಯದ್ದು ಮೇಡಂ." ನಾನು ನಡೆಸಿದ ಗುಂಪುಗಳಲ್ಲೆಲ್ಲ ದೊಡ್ಡದು ಅದೇ ಇರಬೇಕು, ಚಾಪೆಯೂ ಇರಲಿಲ್ಲ.

ಬಾಗಿಲಲ್ಲಿ ಎಳ್ಳುಬೆಲ್ಲದ ಪೊಟ್ಟಣ ಹಂಚುತ್ತಿದ್ದರು. ಎಳ್ಳುಬೆಲ್ಲ ತಿಂದು ಒಳ್ಳೆಯ ಮಾತಾಡಿ ಅಂತ ಹೆಂಗಸರು ಎಲ್ಲರ ಕೈಗೂ ತುರುಕುತ್ತಿದ್ದರು. ಹಸನಬ್ಬನವರ ಕೈಗೂ ಒಂದು ಬಂತು. ಅವರು ಅದನ್ನು ತಿರುಗಿಸಿ ಮುರುಗಿಸಿ ನೋಡಿದರು. ಆಮೇಲೆ ಎರಡು ಹೆಜ್ಜೆ ನಡೆದು ಸಫಿಯಾಳ ಮುಂದೆ ಹಿಡಿದು ಬ್ಯಾರಿ ಭಾಷೆಯಲ್ಲಿ ಏನೋ ಹೇಳಿದರು. ನನಗೆ ಆ ಭಾಷೆ ಬರುವುದಿಲ್ಲ. ಸಫಿಯಾ ಮರುದಿನ ಅರ್ಥ ಹೇಳಿದಳು: "ತಗೋ. ಇದನ್ನು ತಿಂದ ಮೇಲೆ ಮಾತಾಡ್ಬೇಕಂತೆ. ನೀನು ಟೀಚರ ಹತ್ರ ಹೇಳಿದ ಇನ್ನರ್ಧ ಎಂತದು?"

ಅವಳು ಹೇಳಿದ್ದಾಳೆ, ಕಾರಿನಲ್ಲಿ, ಮನೆ ಮುಟ್ಟುವವರೆಗೆ. ಆ ಮಾತುಗಳು ಅವರವು, ನಾನು ಕೇಳಲಿಲ್ಲ. ಮಾರನೆಯ ದಿನ ಅವಳು ಓದಲು ಕೂತಾಗ ಕೆಳಗೆ ಮಷಿನ್ ಓಡಿತಂತೆ. "ನಾನು ಒಂದು ಪೇಜೂ ಓದ್ಲಿಲ್ಲ ಮ್ಯಾಮ್, ಸುಮ್ನೆ ಕೇಳಿಸ್ಕೊಂಡು ಕೂತಿದ್ದೆ" ಅಂದಳು. ನನ್ನ ಮೇಲಿನ ಸಿಟ್ಟು ಅವಳಿಗೆ ಪೂರ್ತಿ ಹೋಯಿತು ಅಂತ ನಾನು ಹೇಳುವುದಿಲ್ಲ. ಈ ಬರಹವನ್ನು ಮೊದಲು ಅವಳಿಗೂ ಅವಳ ತಂದೆಗೂ ಕಳಿಸಿದೆ. "ಹೆಸರುಗಳನ್ನ ಬದಲಾಯಿಸಿ ಮ್ಯಾಮ್. ಕಾಫಿ ಪಾಟ್ ಇರಲಿ. ಆದರೆ ಈ ಸಲ ಪೂರ್ತಿ ಹೇಳಿ" ಎಂದು ಉತ್ತರ ಬಂತು. ಪೂರ್ತಿ ಹೇಳುತ್ತಿದ್ದೇನೆ.

ಆ ವರ್ಷದ ಈದಿಗೆ ಅವರು ಕಫೀಲರ ಮನೆಗೆ ಹೋಗಿ ಈದಿನ ಶುಭಾಶಯ ಹೇಳಿ, ಖರ್ಜೂರ ತಿಂದು, ಖಹ್ವಾ ಎಂಬ ಅರಬಿ ಕಾಫಿ ಕುಡಿದು ಎದ್ದರಂತೆ. ಒಳಗೆ ಹೋಗುವಾಗಲೂ ಬರುವಾಗಲೂ ಫೋಟೋಕ್ಕೆಂದು ಗೇಟಿನ ಮುಂದೆ ನಿಲ್ಲಲಿಲ್ಲ. ಕಫೀಲರಿಗೆ ಆಶ್ಚರ್ಯ. ವಯಸ್ಸಾದವರು. ಈ ಕುಟುಂಬ ಫೋಟೋ ತೆಗೆಸಿಕೊಳ್ಳುತ್ತದೆ ಅಂತಲೇ ಪ್ರತಿ ಈದಿಗೂ ಕೂಜೆಗಳಿಗೆ ಬಣ್ಣ ಹೊಡೆಸುತ್ತಿದ್ದರಂತೆ, ಈ ಸಲವೂ ಹೊಡೆಸಿದ್ದರು. ಏನಾಯಿತು ಅಂತ ಕೇಳಿದರು. ಹಸನಬ್ಬ ತಮಗೆ ಬರುವ ಅರಬಿಯಲ್ಲಿ ಹೇಳಿದರು, ಈ ವರ್ಷ ಫೋಟೋ ನಮ್ಮ ಮನೆ ಮುಂದೆ. ಕಫೀಲರು "ಯಲ್ಲಾ, ನಡೀರಿ" ಅಂದು ತಾವೇ ಕಾರು ಹತ್ತಿದರು.

ಆ ಫೋಟೋ ನನ್ನ ಹತ್ತಿರ ಇದೆ. ತೆಗೆದವರು ಕಫೀಲರೇ, ಹಾಗಾಗಿ ಸ್ವಲ್ಪ ಓರೆ. ಅಂಗಡಿಯ ಶಟರು ಪೂರ್ತಿ ತೆಗೆದಿದೆ. ಒಳಗೆ ಮಷಿನ್ನು, ಅರ್ಧ ಹೊಲಿದ ಸೀಟು ಕಾಣುತ್ತದೆ. ಮೇಲೆ ಎರಡು ಕಿಟಕಿ, ಒಂದರಲ್ಲಿ ಸಫಿಯಾಳ ಪುಸ್ತಕಗಳು. ರಸ್ತೆ ಕಿರಿದಾದ್ದರಿಂದ ತೆಗೆಯುವವರು ಹಿಂದೆ ಹೋಗಲು ಜಾಗವಿಲ್ಲ, ಹತ್ತಿರದಿಂದಲೇ ತೆಗೆಯಬೇಕಾಯಿತು. ಹಸನಬ್ಬ ಅದರ ಕೆಳಗೆ ತಾವೇ ಟೈಪು ಮಾಡಿ ಊರಿಗೆ ಕಳಿಸಿದರು: 'ಕೆಳಗೆ ಅಂಗಡಿ, ಮೇಲೆ ನಮ್ಮ ಮನೆ.'

ಕಳಿಸಿ ಫೋನು ಕೈಯಲ್ಲೇ ಹಿಡಿದು ಕೂತಿದ್ದರಂತೆ, ಮಧ್ಯಾಹ್ನದ ಊಟವನ್ನೂ ಮಾಡದೆ. ಸಂಜೆ ಉಮ್ಮನ ದನಿಯಲ್ಲಿ ಉತ್ತರ ಬಂತು. ಸಫಿಯಾ ಅದನ್ನು ನನಗೆ ಕೇಳಿಸಿ, ಒಂದೊಂದೇ ಮಾತನ್ನು ಕನ್ನಡ ಮಾಡಿ ಹೇಳಿದಳು.

"ಚಾವಡಿಯಲ್ಲಿದ್ದ ಮೊದಲಿನದನ್ನು ತೆಗೆಸಿದೆ ಮಗಾ. ಅದರಲ್ಲಿ ಗೇಟು ಮಾತ್ರ ಕಾಣ್ತಿತ್ತು, ನೀವೆಲ್ಲ ಕಡ್ಡಿಯಷ್ಟು ಕಾಣ್ತಿದ್ರಿ. ಇದರಲ್ಲಿ ನಿನ್ನ ಮುಖ ಕಾಣ್ತದೆ."